ಸತ್ತವರ ಲೆಕ್ಕ ಇಟ್ಟುಕೊಂಡ ಊರು

ಈಮ್ ಅಂತ ಒಂದು ಹಳ್ಳಿ. ಇಂಗ್ಲೆಂಡಿನ ನಡುಭಾಗದ ಡರ್ಬಿಶೈರ್‌ನಲ್ಲಿ, ಶೆಫೀಲ್ಡ್ ನಗರದಿಂದ ಹನ್ನೆರಡು ಮೈಲಿಯಷ್ಟು ದೂರದಲ್ಲಿ, ಗುಡ್ಡದ ಮಗ್ಗುಲಿಗೆ ಒರಗಿಕೊಂಡು ಕೂತಿದೆ. 1841ರ ಜನಗಣತಿಯವರು ಬಂದು ಎಣಿಸಿದಾಗ ಅಲ್ಲಿ 954 ಮಂದಿ ಇದ್ದರು. 2011ರಲ್ಲಿ ಎಣಿಸಿದಾಗ 969. ನೂರ ಎಪ್ಪತ್ತು ವರ್ಷಗಳಲ್ಲಿ ಹೆಚ್ಚಾದದ್ದು ಹದಿನೈದು ತಲೆ. ಎಣಿಕೆಯ ಗಡಿ ಅಷ್ಟಿಷ್ಟು ಹಿಂದುಮುಂದಾಗಿರಬಹುದು, ಇರಲಿ. ಈ ಎರಡು ಅಂಕಿಗಳನ್ನಷ್ಟೇ ನೋಡಿದವರು ಏನಂದುಕೊಳ್ಳುತ್ತಾರೆ? ಅಯ್ಯೋ, ಏನೂ ನಡೆಯದ ಊರು, ಇದ್ದಲ್ಲೇ ಇದೆ ಅಂತ.

1841ರ ಆ ಒಂಬೈನೂರ ಚಿಲ್ಲರೆ ಜನರಲ್ಲಿ ಸೀಸದ ಗಣಿಗೆ ಇಳಿಯುತ್ತಿದ್ದವರಿದ್ದರು, ಮನೆಯಲ್ಲೇ ಮಗ್ಗ ಹೂಡಿ ರೇಷ್ಮೆ ಮತ್ತು ಹತ್ತಿಬಟ್ಟೆ ನೇಯುತ್ತಿದ್ದವರಿದ್ದರು, ಉಳಿದವರು ಹೊಲ ಮತ್ತು ದನಕರು ನಂಬಿದವರು. ಈಗ ಆ ಗಣಿಯೂ ಇಲ್ಲ, ಮಗ್ಗವೂ ಇಲ್ಲ. ಗಣಿಗಾರನ ಕುರುಹು ಅಂತ ಊರಿನ ನಡುವೆ ಎದ್ದು ಕಾಣುವುದು ‘ಮೈನರ್ಸ್ ಆರ್ಮ್ಸ್’ ಎಂಬ ಪಬ್ಬಿನ ಹೆಸರು ಮಾತ್ರ. ಬಿಯರ್ ಕುಡಿಯಲು ಬರುವ ಎಷ್ಟು ಮಂದಿ ಆ ಬೋರ್ಡನ್ನು ತಲೆಯೆತ್ತಿ ಓದುತ್ತಾರೋ ನನಗೆ ಅನುಮಾನ. ತಲೆಗಳ ಸಂಖ್ಯೆ ಹಾಗೇ ಇದ್ದು ಊರು ಮಾತ್ರ ಪೂರ್ತಿ ಬೇರೆಯಾಗಿದೆ.

ಆದರೆ ಈಮ್‌ಗೆ ಬರುವ ಪ್ರವಾಸಿಗರು 1841ನ್ನು ಹುಡುಕಿಕೊಂಡು ಬರುವುದಿಲ್ಲ. ಅವರಿಗೆ ಬೇಕಾದ್ದು 1665 ಮತ್ತು 1666. ಆ ಹದಿನಾಲ್ಕು ತಿಂಗಳ ಕತೆಯನ್ನು ಹೇಳದೆ ಈ ಊರಿನ ಬಗ್ಗೆ ಬರೆಯಲು ಆಗುವುದಿಲ್ಲ, ಹಾಗಾಗಿ ಹೇಳಿಬಿಡುತ್ತೇನೆ.

1665ರಲ್ಲಿ ಲಂಡನ್ನಿನಲ್ಲಿ ಪ್ಲೇಗು ಹಬ್ಬಿತ್ತು. ಆ ವರ್ಷದ ಬೇಸಿಗೆಯ ಕೊನೆಗೆ ಈಮ್‌ನ ಒಬ್ಬ ದರ್ಜಿಯ ಮನೆಗೆ ಲಂಡನ್ನಿನಿಂದ ಬಟ್ಟೆಯ ಗಂಟು ಬಂತು. ಬಟ್ಟೆ ಒದ್ದೆಯಾಗಿತ್ತಂತೆ. ಆ ಮನೆಯಲ್ಲಿ ಉಳಿದುಕೊಂಡು ಕೆಲಸ ಮಾಡುತ್ತಿದ್ದ ಜಾರ್ಜ್ ವಿಕರ್ಸ್ ಎಂಬಾತ ಗಂಟು ಬಿಚ್ಚಿ ಬೆಂಕಿಯ ಮುಂದೆ ಒಣಹಾಕಿದ, ಅದರೊಳಗಿದ್ದ ಚಿಗಟಗಳು ಎದ್ದವು ಎಂಬುದು ಊರಿನವರು ಹೇಳಿಕೊಂಡು ಬಂದ ಮಾತು. ಚಿಗಟದ ವಿಷಯ ಆಗ ಯಾರಿಗೂ ಗೊತ್ತಿರಲಿಲ್ಲ. ಪ್ಲೇಗಿನ ರೋಗಾಣು ಪತ್ತೆಯಾದದ್ದೇ 1894ರಲ್ಲಿ, ಇನ್ನೂ ಇನ್ನೂರ ಮೂವತ್ತು ವರ್ಷ ಕಳೆದ ಮೇಲೆ. ಸೆಪ್ಟೆಂಬರ್ 7ರಂದು ವಿಕರ್ಸ್ ಮಣ್ಣಾದ. ಎರಡು ವಾರದಲ್ಲಿ ಅದೇ ಮನೆಯ ಹುಡುಗ ಹೋದ. ಆಮೇಲೆ ಅಕ್ಕಪಕ್ಕದ ಮನೆ.

ಚಳಿಗಾಲದಲ್ಲಿ ರೋಗ ತುಸು ಇಳಿಯಿತು, ಆದರೆ ಹೋಗಲಿಲ್ಲ. 1666ರ ಮೇ ಕಳೆದು ಜೂನ್ ಬಂದಾಗ ಮತ್ತೆ ಏರಿತು. ಆಗ ಊರಿನ ಚರ್ಚಿನ ಪಾದ್ರಿ ವಿಲಿಯಂ ಮಾಂಪೆಸನ್. ಇಪ್ಪತ್ತೆಂಟರ ಆಸುಪಾಸಿನ ಯುವಕ, ಊರಿಗೆ ಬಂದು ಎರಡು ವರ್ಷವಷ್ಟೇ ಆಗಿತ್ತು. ಊರಿನ ಜನ ಅವನನ್ನು ಅಷ್ಟೇನೂ ಹಚ್ಚಿಕೊಂಡಿರಲಿಲ್ಲ. ಕಾರಣ ಥಾಮಸ್ ಸ್ಟಾನ್ಲಿ. ಸ್ಟಾನ್ಲಿ 1644ರಿಂದ ಆ ಊರಿನಲ್ಲಿ ಪಾದ್ರಿಯಾಗಿದ್ದವನು. ರಾಜಪ್ರಭುತ್ವ ಮರಳಿ ಬಂದ ಮೇಲೆ ಎಲ್ಲ ಪಾದ್ರಿಗಳೂ ಒಂದೇ ಪ್ರಾರ್ಥನಾ ವಿಧಿಗೆ ಒಪ್ಪಬೇಕೆಂದು 1662ರಲ್ಲಿ ಕಾಯಿದೆಯಾದಾಗ ಸ್ಟಾನ್ಲಿ ಒಪ್ಪಲಿಲ್ಲ, ಚರ್ಚು ಬಿಡಬೇಕಾಯಿತು. ಚರ್ಚು ಬಿಟ್ಟ, ಊರು ಬಿಡಲಿಲ್ಲ. ಜನರ ಮನಸ್ಸಿನಲ್ಲಿ ಪಾದ್ರಿ ಅವನೇ. ಹೊಸಬ ಮಾಂಪೆಸನ್ ಮಾಡಿದ ಬುದ್ಧಿವಂತಿಕೆಯ ಕೆಲಸ ಅಂದರೆ, ನೇರ ಸ್ಟಾನ್ಲಿಯ ಬಳಿ ಹೋಗಿ ಅವನನ್ನು ಜೊತೆಗೆ ಸೇರಿಸಿಕೊಂಡದ್ದು. ಧರ್ಮದ ವಿಷಯದಲ್ಲಿ ಎಣ್ಣೆ ಸೀಗೆಕಾಯಿಯಾಗಿದ್ದ ಇಬ್ಬರೂ ಸೇರಿ ಊರಿನವರ ಮುಂದೆ ಮೂರು ಮಾತು ಇಟ್ಟರು.

ಸತ್ತವರನ್ನು ಚರ್ಚಿನ ಅಂಗಳಕ್ಕೆ ತರುವುದು ಬೇಡ, ಅವರವರ ಮನೆಯವರು ಅವರವರ ಹಿತ್ತಿಲಲ್ಲೋ ಹೊಲದಲ್ಲೋ ಮಣ್ಣು ಮಾಡಲಿ. ಪ್ರಾರ್ಥನೆ ಚರ್ಚಿನೊಳಗೆ ಬೇಡ, ಕಕ್ಲೆಟ್ ಡೆಲ್ಫ್ ಎಂಬ ಊರ ಪಕ್ಕದ ಕಣಿವೆಯಲ್ಲಿ, ಬಯಲಿನಲ್ಲಿ, ಒಂದೊಂದು ಸಂಸಾರ ದೂರದೂರ ನಿಂತು ಮಾಡೋಣ. ಮೂರನೆಯದು ಮತ್ತು ಕಷ್ಟದ್ದು: ಊರಿನ ಎಲ್ಲೆ ದಾಟಿ ಯಾರೂ ಹೊರಗೆ ಹೋಗಬಾರದು, ಯಾರೂ ಒಳಗೆ ಬರಬಾರದು.

ಹತ್ತಿರದ ಚಾಟ್ಸ್‌ವರ್ತ್ ಅರಮನೆಯಲ್ಲಿದ್ದ ಡೆವನ್‌ಷೈರ್‌ನ ಅರ್ಲ್ ಊಟದ ಸಾಮಾನು ಕಳಿಸಲು ಒಪ್ಪಿದ. ಎಲ್ಲೆಯ ಕಲ್ಲುಗಳ ಬಳಿ ಹೊರಗಿನವರು ಸಾಮಾನು ಇಟ್ಟು ಹೋಗುವುದು, ಒಳಗಿನವರು ಆಮೇಲೆ ಬಂದು ಒಯ್ಯುವುದು. ಸ್ಟೋನಿ ಮಿಡ್ಲ್‌ಟನ್ ಊರಿನ ಕಡೆಗೆ ಇರುವ ಒಂದು ಬಂಡೆಯಲ್ಲಿ ಇವತ್ತಿಗೂ ಕೊರೆದ ಕುಳಿಗಳು ಕಾಣುತ್ತವೆ. ಅವುಗಳಲ್ಲಿ ವಿನೆಗರ್ ತುಂಬಿಸಿ ಅದರಲ್ಲಿ ದುಡ್ಡಿನ ನಾಣ್ಯ ಹಾಕುತ್ತಿದ್ದರಂತೆ, ಹುಳಿಗೆ ರೋಗ ಸಾಯುತ್ತದೆ ಎಂಬ ನಂಬಿಕೆಯಲ್ಲಿ. ಆ ಕುಳಿಗಳಲ್ಲಿ ಈಗಲೂ ಚಿಲ್ಲರೆ ಹಾಕಿಹೋಗುವವರಿದ್ದಾರೆ. ಎಲ್ಲಿ ಕುಳಿ ಕಂಡರೂ ನಾಣ್ಯ ಹಾಕುವ ಬುದ್ಧಿ ನಮ್ಮವರದ್ದು ಮಾತ್ರ ಅಂದುಕೊಂಡಿದ್ದೆ.

ಆಗಸ್ಟ್ ಒಂದರಲ್ಲೇ ಎಪ್ಪತ್ತಕ್ಕೂ ಹೆಚ್ಚು ಸಾವು. ಊರಿನಿಂದ ತುಸು ಹೊರಗೆ, ರೈಲಿ ಎಂಬ ಜಾಗದಲ್ಲಿ ಕಲ್ಲಿನ ಚಿಕ್ಕ ಸುತ್ತುಗೋಡೆಯೊಳಗೆ ಹ್ಯಾನ್‌ಕಾಕ್ ಎಂಬ ಒಂದೇ ಸಂಸಾರದ ಗೋರಿಗಳಿವೆ. ಎಲಿಜಬೆತ್ ಹ್ಯಾನ್‌ಕಾಕ್ ಎಂಟು ದಿನದಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಗುಂಡಿ ತೋಡಿ ಹೂಳಿದಳು. ಅವಳಿಗೆ ರೋಗ ತಗುಲಲಿಲ್ಲ. ಈ ಗೋರಿಗಳ ಬಳಿ ನಿಂತಾಗ ನನಗೆ ಏನನ್ನಿಸಿತು ಎಂದು ಬರೆಯಲು ಹೊರಟು ಎರಡು ಸಾಲು ಹೊಡೆದುಹಾಕಿದ್ದೇನೆ. ಅಲ್ಲಿ ಏನಾದರೂ ಅನ್ನಿಸಿಕೊಳ್ಳುವುದೇ ಒಂದು ಅಧಿಕಪ್ರಸಂಗ.

ಇನ್ನೊಂದು ಬಗೆಯ ಮನುಷ್ಯನೂ ಆ ಊರಿನಲ್ಲಿದ್ದ. ಮಾರ್ಷಲ್ ಹೋ ಎಂಬಾತ, ರೋಗ ಬಂದು ವಾಸಿಯಾದವನು. ಇನ್ನು ತನಗೆ ಬರುವುದಿಲ್ಲ ಎಂಬ ಧೈರ್ಯದಲ್ಲಿ ಹೂಳಲು ಯಾರೂ ಉಳಿಯದ ಮನೆಗಳ ಹೆಣ ಎಳೆದು ಮಣ್ಣು ಮಾಡುವ ಕೆಲಸ ಹಿಡಿದ. ಕೂಲಿ ಅಂದರೆ ಸತ್ತವರ ಮನೆಯ ಪಾತ್ರೆ, ಬಟ್ಟೆ, ಸಾಮಾನು. ಹಾಗೆ ತಂದ ಸಾಮಾನಿನ ಜೊತೆ ರೋಗವೂ ಬಂದು ಅವನ ಹೆಂಡತಿ ಮತ್ತು ಮಗನನ್ನು ಒಯ್ಯಿತು ಎನ್ನುತ್ತಾರೆ. ಆಮೇಲೆ ಎಷ್ಟೋ ಕಾಲ ಆ ಕಡೆಯ ತಾಯಂದಿರು ಹಟ ಮಾಡುವ ಮಕ್ಕಳಿಗೆ ಮಾರ್ಷಲ್ ಹೋನನ್ನು ಕರೆಯುತ್ತೇನೆ ನೋಡು ಎಂದು ಹೆದರಿಸುತ್ತಿದ್ದರಂತೆ.

ಆಗಸ್ಟ್ 25ರಂದು ಮಾಂಪೆಸನ್ನನ ಹೆಂಡತಿ ಕ್ಯಾಥರೀನ್ ತೀರಿಕೊಂಡಳು. ಚರ್ಚಿನ ಅಂಗಳದಲ್ಲಿ ಅವಳ ಗೋರಿ ಇದೆ. ನವೆಂಬರ್ 1ಕ್ಕೆ ಕೊನೆಯ ಸಾವು. ನವೆಂಬರ್ 20ರ ಪತ್ರವೊಂದರಲ್ಲಿ ಮಾಂಪೆಸನ್ ಲೆಕ್ಕ ಕೊಡುತ್ತಾನೆ: ರೋಗ ಹೊಕ್ಕ ಸಂಸಾರಗಳು 76, ಸತ್ತವರು 259.

ಈ ಅಂಕಿ ಗಟ್ಟಿ. ಹೆಚ್ಚುಕಡಿಮೆ 260 ಎಂದು ಎಲ್ಲರೂ ಒಪ್ಪುತ್ತಾರೆ. ಒಪ್ಪದೇ ಇರುವುದು ಇನ್ನೊಂದು ಅಂಕಿಯನ್ನು. ಎಷ್ಟು ಜನರಲ್ಲಿ 260?

ಊರಿನ ಹಳೆಯ ಮಾತಿನ ಪ್ರಕಾರ ಆಗ ಈಮ್‌ನಲ್ಲಿದ್ದವರು 350, ಉಳಿದವರು 83. ಮುನ್ನೂರೈವತ್ತರಲ್ಲಿ ಇನ್ನೂರರವತ್ತು ಕಳೆದರೆ ತೊಂಬತ್ತು ಬರಬೇಕಲ್ಲ ಎಂದು ಕೇಳಬೇಡಿ, ದಂತಕತೆಗಳು ಕಳೆಯುವ ಲೆಕ್ಕ ಮಾಡಿಕೊಂಡು ಹುಟ್ಟುವುದಿಲ್ಲ. ಇತ್ತೀಚೆಗೆ ಆ ಕಾಲದ ತೆರಿಗೆ ಪಟ್ಟಿ, ಚರ್ಚಿನ ಜನನ ಮರಣದ ದಾಖಲೆಗಳನ್ನು ಕೂಡಿಸಿ ನೋಡಿದವರು ಊರಿನಲ್ಲಿ 700ರಷ್ಟು ಜನ ಇದ್ದಿರಬೇಕು ಎನ್ನುತ್ತಾರೆ. ಆಗ ಇಂಗ್ಲೆಂಡಿನಲ್ಲಿ ಒಲೆಗಿಷ್ಟು ಅಂತ ತೆರಿಗೆ ಇತ್ತು. ಮನೆಯಲ್ಲಿ ಬೆಂಕಿಗೂಡು ಎಷ್ಟಿದೆಯೋ ಅಷ್ಟಕ್ಕೆ ಹಣ. ತೆರಿಗೆ ಕಟ್ಟಿದವರ ಹೆಸರು, ಕಟ್ಟಲಾಗದ ಬಡವರ ಹೆಸರು, ಎರಡೂ ಬರೆದಿಡುತ್ತಿದ್ದರು. ಜನಗಣತಿ ಇಲ್ಲದ ಕಾಲದ ಜನಸಂಖ್ಯೆ ಹುಡುಕುವವರಿಗೆ ಈ ಒಲೆಯ ಲೆಕ್ಕವೇ ದಿಕ್ಕು.

350ಕ್ಕೂ 700ಕ್ಕೂ ಇರುವ ವ್ಯತ್ಯಾಸ ಬರೀ ಅಂಕಿಯದ್ದಲ್ಲ. ಮೊದಲ ಲೆಕ್ಕದಲ್ಲಿ ನಾಲ್ವರಲ್ಲಿ ಮೂವರು ಸತ್ತ ಊರು, ಅಂದರೆ ಹೆಚ್ಚುಕಡಿಮೆ ನಿರ್ನಾಮವಾದ ಊರು. ಎರಡನೆಯದರಲ್ಲಿ ಮೂವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಸತ್ತು, ನಾನೂರಕ್ಕೂ ಹೆಚ್ಚು ಜನ ಉಳಿದ ಊರು. ಉಳಿದ ನಾನೂರು ಜನ ಮರುದಿನ ಎದ್ದು ಹಸುವಿನ ಹಾಲು ಕರೆಯಬೇಕು, ಗಣಿಗೆ ಇಳಿಯಬೇಕು, ವಿಧುರ ವಿಧವೆಯನ್ನು ಮದುವೆಯಾಗಬೇಕು, ಯಾರ ಹೊಲ ಯಾರಿಗೆ ಎಂದು ಜಗಳ ಆಡಬೇಕು. ಮೊದಲನೆಯದು ಬಲಿದಾನದ ಕತೆಗೆ ಒಪ್ಪುವ ಅಂಕಿ, ಎರಡನೆಯದು ಇತಿಹಾಸಕ್ಕೆ. ಊರಿನ ಕತೆ ಎರಡನೆಯದರಿಂದ ಶುರುವಾಗುತ್ತದೆ ಎಂದು ನಾನು ನಂಬುವವನು.

2016ರಲ್ಲಿ ಇಬ್ಬರು ಸಂಶೋಧಕರು ಈಮ್‌ನ ಸಾವಿನ ದಿನಾಂಕಗಳನ್ನೇ ಹಿಡಿದು, ರೋಗ ಯಾರಿಂದ ಯಾರಿಗೆ ಹೋಗಿರಬಹುದು ಎಂದು ಗಣಿತದ ಮಾದರಿ ಕಟ್ಟಿ ನೋಡಿದರು. ಅವರ ಅಂದಾಜಿನಲ್ಲಿ ಹತ್ತಿರಹತ್ತಿರ ಮುಕ್ಕಾಲು ಪಾಲು ಸೋಂಕು ಮನುಷ್ಯರಿಂದ ಮನುಷ್ಯರಿಗೆ ಹೋದದ್ದು, ಕಾಲು ಪಾಲು ಮಾತ್ರ ಇಲಿಯ ಕಡೆಯಿಂದ ಬಂದದ್ದು. ಒಂದೇ ಮನೆಯೊಳಗೆ ಹಬ್ಬುವುದಂತೂ ಇನ್ನೂ ಹೆಚ್ಚು. ಎಲ್ಲರೂ ಒಳಗೇ ಇರಬೇಕೆಂಬ ನಿರ್ಧಾರ ಸುತ್ತಲ ಊರುಗಳನ್ನು ಕಾಪಾಡಿರಬಹುದು. ಒಳಗಿದ್ದವರಿಗೆ ಅದರ ಬೆಲೆ ಏನು ಬಿತ್ತು ಎಂಬುದು ಈ ಲೆಕ್ಕದಿಂದ ಊಹಿಸಬಹುದು.

ಇಲ್ಲಿ ನಮ್ಮ ಕಡೆಯ ನೆನಪು ಬಾರದೆ ಇರುವುದಿಲ್ಲ. 1898ರಲ್ಲಿ ಹುಬ್ಬಳ್ಳಿ ಧಾರವಾಡದ ಕಡೆಯಿಂದ ರೈಲಿನ ದಾರಿ ಹಿಡಿದು ಬೆಂಗಳೂರಿಗೆ, ಮೈಸೂರಿಗೆ ಇದೇ ರೋಗ ಬಂತು. ನಮ್ಮ ಹಳ್ಳಿಗಳು ಮಾಡಿದ್ದು ಈಮ್ ಮಾಡಿದ್ದಕ್ಕೆ ತದ್ವಿರುದ್ಧ. ಇಲಿ ಬಿತ್ತು ಅಂದಕೂಡಲೇ ಇಡೀ ಊರು ಮನೆಗೆ ಬೀಗ ಹಾಕಿ, ದನಕರು ಹೊಡೆದುಕೊಂಡು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ನಮ್ಮಜ್ಜಿಯ ಮಾತಿನಲ್ಲಿ ಪ್ಲೇಗಿನ ಸುದ್ದಿ ಬಂದರೆ ಅದರ ಹಿಂದೆಯೇ ಗುಡಿಸಲಿನ ಸುದ್ದಿ ಬರುತ್ತಿತ್ತು. ಬೆಂಗಳೂರಿನಲ್ಲಿ ಪೇಟೆಯ ಇಕ್ಕಟ್ಟು ಬಿಟ್ಟು ಬಸವನಗುಡಿ, ಮಲ್ಲೇಶ್ವರ ಬೆಳೆದವು, ಪ್ಲೇಗಿನ ಮಾರಮ್ಮನಿಗೆ ಗುಡಿಗಳಾದವು. ಇಲಿಯೂ ಚಿಗಟವೂ ಮನೆಯಲ್ಲೇ ಇರುವ ರೋಗಕ್ಕೆ ಮನೆ ಬಿಡುವುದು ಒಳ್ಳೆಯ ಉಪಾಯವೇ. ಈಮ್‌ನಲ್ಲೂ ಕೆಲವರು ಕಣಿವೆಯಲ್ಲಿ ಗುಡಿಸಲು ಹಾಕಿಕೊಂಡು ಇದ್ದರಂತೆ. ಆದರೆ ಊರ ಎಲ್ಲೆಯೊಳಗೇ. ನಮ್ಮವರು ಬಿಟ್ಟುಬಂದ ಮನೆಗಳ ಬಾಗಿಲಿಗೆ ಯಾರೂ ಫಲಕ ಹಾಕಿಲ್ಲ ಅನ್ನುವುದೂ ನಿಜ. ಓಡಿ ಬದುಕಿದವರಿಗೆ ಸ್ಮಾರಕ ಕಟ್ಟುವ ವಾಡಿಕೆ ಯಾವ ದೇಶದಲ್ಲೂ ಇಲ್ಲ.

ಈಮ್‌ನಲ್ಲಿ ಹಾಗಾದರೆ ಎಲ್ಲರೂ ಉಳಿದರೇ? ಉಳಿಯಲಿಲ್ಲ. ಮಾಂಪೆಸನ್ ತನ್ನ ಇಬ್ಬರು ಮಕ್ಕಳನ್ನು ಮೊದಲೇ ಹೊರಗೆ ಕಳಿಸಿದ್ದ. ಕೈಯಲ್ಲಿ ನಾಲ್ಕು ಕಾಸು ಇದ್ದು, ಹೊರಗೆ ನೆಂಟರ ಮನೆ ಇದ್ದ ಕೆಲವರು ಎಲ್ಲೆ ಬೀಳುವ ಮುಂಚೆಯೇ ಜಾಗ ಖಾಲಿ ಮಾಡಿದ್ದರು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಇತಿಹಾಸಕಾರ ಪ್ಯಾಟ್ರಿಕ್ ವಾಲಿಸ್ ಈ ಕತೆ ಹೇಗೆ ಬೆಳೆಯಿತು ಎಂದು ಬಿಡಿಸಿ ನೋಡಿದ್ದಾರೆ. ಘಟನೆ ನಡೆದ ಕಾಲದಲ್ಲಿ ಇದರ ಬಗ್ಗೆ ದೊಡ್ಡ ಸದ್ದೇನೂ ಇರಲಿಲ್ಲ. 1720ರ ದಶಕದಲ್ಲಿ ಮತ್ತೆ ಪ್ಲೇಗಿನ ಭಯ ಹುಟ್ಟಿದಾಗ ರಿಚರ್ಡ್ ಮೀಡ್ ಎಂಬ ವೈದ್ಯ ಈಮ್ ಅನ್ನು ಉದಾಹರಣೆಯಾಗಿ ಎತ್ತಿದ. ಆಮೇಲೆ ಕವಿಗಳು ಹಿಡಿದರು, ಪಾದ್ರಿಗಳು ಹಿಡಿದರು. 1842ರಲ್ಲಿ ಊರಿನವನೇ ಆದ ವಿಲಿಯಂ ವುಡ್ ಊರಿನ ಇತಿಹಾಸ ಬರೆದ, ಕತೆಗೆ ಮೈಕೈ ತುಂಬಿಕೊಂಡಿತು. ಇನ್ನೂರು ವರ್ಷ ತುಂಬಿದ 1866ರಿಂದ ಪ್ಲೇಗ್ ಭಾನುವಾರದ ಆಚರಣೆ ಶುರುವಾಯಿತು. ಈಗಲೂ ಆಗಸ್ಟಿನ ಕೊನೆಯ ಭಾನುವಾರ ಕಕ್ಲೆಟ್ ಡೆಲ್ಫ್‌ನಲ್ಲಿ ಪ್ರಾರ್ಥನೆ ನಡೆಯುತ್ತದೆ.

ಇದರಿಂದ ಎಲಿಜಬೆತ್ ಹ್ಯಾನ್‌ಕಾಕ್ ಹೂಳಿದ ಏಳು ಹೆಣಗಳು ಸುಳ್ಳಾಗುವುದಿಲ್ಲ. ನನ್ನ ತಕರಾರು ಕತೆಯ ಮೇಲಲ್ಲ, ಅದು ಉಳಿದ ಮುನ್ನೂರೈವತ್ತು ವರ್ಷವನ್ನು ನುಂಗಿದ ರೀತಿಯ ಮೇಲೆ. ಹಾಗಾಗಿ ಇನ್ನು ಸೀಸದ ವಿಷಯ.

ಈಮ್ ನಿಂತಿರುವುದು ಎರಡು ಬಗೆಯ ನೆಲದ ಸಂದಿಯಲ್ಲಿ. ದಕ್ಷಿಣಕ್ಕೆ ಸುಣ್ಣಕಲ್ಲು, ಉತ್ತರಕ್ಕೆ ಈಮ್ ಎಡ್ಜ್ ಎಂಬ ಒರಟು ಮರಳುಕಲ್ಲಿನ ದಿಬ್ಬ. ಸುಣ್ಣಕಲ್ಲಿನ ಬಿರುಕುಗಳಲ್ಲಿ ಸೀಸದ ಅದಿರು. ಡರ್ಬಿಶೈರ್‌ನಲ್ಲಿ ರೋಮನ್ನರ ಕಾಲದಿಂದಲೂ ಸೀಸ ತೆಗೆಯುತ್ತಿದ್ದರು. ಚರ್ಚಿನ ಛಾವಣಿಗೆ, ನೀರಿನ ಕೊಳವೆಗೆ, ಕಿಟಕಿಗೆ, ಬಂದೂಕಿನ ಗುಂಡಿಗೆ, ಬಣ್ಣಕ್ಕೆ, ಎಲ್ಲಕ್ಕೂ ಸೀಸ ಬೇಕಿದ್ದ ಕಾಲ.

ಆ ಗಣಿಗಾರಿಕೆಯ ಕಾನೂನು ನನಗೆ ಪ್ಲೇಗಿನ ಕತೆಗಿಂತ ವಿಸ್ಮಯ ಹುಟ್ಟಿಸಿತು. ಆ ಸೀಮೆಯ ಬಹುಭಾಗದಲ್ಲಿ ನೆಲ ಯಾರದ್ದೇ ಆಗಿರಲಿ, ಅದರಲ್ಲಿ ಸೀಸದ ಎಳೆ ಕಂಡವನಿಗೆ ಅಗೆಯುವ ಹಕ್ಕು. ಚರ್ಚಿನ ಅಂಗಳ, ಹೂದೋಟ, ಹಣ್ಣಿನ ತೋಟ, ಹೆದ್ದಾರಿ ಇಂಥ ಕೆಲವನ್ನು ಬಿಟ್ಟು ಎಲ್ಲಿ ಬೇಕಾದರೂ. ಮೊದಲು ತೆಗೆದ ಅದಿರಿನಲ್ಲಿ ಒಂದು ಅಳತೆಪಾತ್ರೆ ತುಂಬ ‘ಬಾರ್‌ಮಾಸ್ಟರ್’ ಎಂಬ ಅಧಿಕಾರಿಗೆ ಒಪ್ಪಿಸಿದರೆ ಗಣಿ ನಿನ್ನದು. ಕೆಲಸ ಮಾಡದೆ ಸುಮ್ಮನೆ ಇಟ್ಟುಕೊಂಡರೆ ಬಾರ್‌ಮಾಸ್ಟರ್ ಬಂದು ಅಲ್ಲಿನ ಮರದ ರಾಟೆಗೆ ಕತ್ತಿಯಿಂದ ಒಂದು ಗೀರು ಹಾಕುತ್ತಾನೆ. ಹಾಗೆ ಮೂರು ಸಲ ಗೀರು ಬಿದ್ದರೆ ಗಣಿ ಬೇರೆಯವನ ಪಾಲು. ಇದಕ್ಕೆಂದೇ ಬಾರ್‌ಮೋಟ್ ಎಂಬ ನ್ಯಾಯಸಭೆ. 1513ರಲ್ಲಿ ಎರಕ ಹೊಯ್ದ ಕಂಚಿನ ಅಳತೆಪಾತ್ರೆ ಅದೇ ಜಿಲ್ಲೆಯ ವರ್ಕ್ಸ್‌ವರ್ತ್ ಪಟ್ಟಣದಲ್ಲಿ ಇನ್ನೂ ಇದೆ. ಭೂಮಾಲೀಕನ ಹೊಲದ ನಡುವೆ ಕೂಲಿಯವನು ಹೋಗಿ ಗುಂಡಿ ತೋಡುವ ಹಕ್ಕು, ಅದೂ ಇಂಗ್ಲೆಂಡಿನಲ್ಲಿ! ಆ ಹಕ್ಕು ಕಾಗದದಲ್ಲಿದ್ದಷ್ಟು ಸುಲಭವಾಗಿ ಕೈಗೆ ಸಿಕ್ಕಿರಲಾರದು, ಆದರೂ ಇತ್ತು.

ಪ್ಲೇಗಿನ ನಂತರ ಊರು ಮತ್ತೆ ತುಂಬಿಕೊಂಡದ್ದರಲ್ಲಿ ಈ ಸೀಸದ ಪಾತ್ರ ದೊಡ್ಡದು. ಹದಿನೆಂಟನೇ ಶತಮಾನದಲ್ಲಿ ಎಡ್ಜ್ ಕೆಳಗಿನ ಅದಿರಿನ ಎಳೆ ಸಿಕ್ಕ ಮೇಲಂತೂ ಕೆಲಸ ಹುಡುಕಿ ಜನ ಬರುವ ಊರಾಯಿತು. ಅದಿರಿನಲ್ಲಿ ಚರ್ಚಿಗೂ ಪಾಲಿತ್ತು, ಹಾಗಾಗಿ ಈಮ್‌ನ ಪಾದ್ರಿಯ ಹುದ್ದೆ ಆ ಕಾಲಕ್ಕೆ ಬಲು ಲಾಭದ್ದು. ಪಾದ್ರಿ ಥಾಮಸ್ ಸೆವಾರ್ಡ್‌ನ ಮಗಳು, ಮುಂದೆ ಹೆಸರಾಂತ ಕವಯಿತ್ರಿಯಾದ ಆ್ಯನಾ ಸೆವಾರ್ಡ್ 1742ರಲ್ಲಿ ಹುಟ್ಟಿದ್ದು ಇಲ್ಲೇ. ಗಣಿಯ ಆಳದಲ್ಲಿ ನೀರಿನೊಳಗೆ ನಿಂತು ಅದಿರು ಕೀಳುತ್ತಿದ್ದವರ ಮಕ್ಕಳೂ ಅದೇ ವರ್ಷ ಹುಟ್ಟಿರಬೇಕು, ಚರ್ಚಿನ ದಾಖಲೆಯಾಚೆ ಅವರ ಸುದ್ದಿ ಎಲ್ಲೂ ಇಲ್ಲ.

ಕೊನೆಗೆ ಗಣಿಗಳನ್ನು ಸೋಲಿಸಿದ್ದು ನೀರು ಮತ್ತು ಬೆಲೆ. ಆಳಕ್ಕೆ ಹೋದಷ್ಟೂ ನೀರು. ಅದನ್ನು ಹೊರಹಾಕಲು ಗುಡ್ಡದ ಬುಡದಿಂದ ಮೈಲಿಗಟ್ಟಲೆ ಸುರಂಗ ಕೊರೆಯಬೇಕು. ಅಷ್ಟು ಖರ್ಚು ಮಾಡಿ ತೆಗೆದ ಸೀಸಕ್ಕಿಂತ ಸ್ಪೇನಿನಿಂದ, ಆಮೇಲೆ ಇನ್ನೂ ದೂರದಿಂದ ಹಡಗಿನಲ್ಲಿ ಬಂದ ಸೀಸ ಅಗ್ಗವಾಯಿತು. ಹತ್ತೊಂಬತ್ತನೇ ಶತಮಾನದ ಕೊನೆಗೆ ಡರ್ಬಿಶೈರ್‌ನ ಸೀಸದ ಆಟ ಹೆಚ್ಚುಕಡಿಮೆ ಮುಗಿದಿತ್ತು.

ಆಗಲೂ ಊರು ಖಾಲಿಯಾಗಲಿಲ್ಲ, ಕಸುಬು ಬದಲಿಸಿತು. 1881ರ ಜನಗಣತಿಯ ಹೊತ್ತಿಗೆ ಈಮ್‌ನ ಹೆಚ್ಚಿನ ಗಂಡಸರು ಗಣಿಯಲ್ಲಿ ಇಲ್ಲವೇ ಬೂಟು ಶೂ ಕೆಲಸದಲ್ಲಿ ಇದ್ದರು. ಪಕ್ಕದ ಸ್ಟೋನಿ ಮಿಡ್ಲ್‌ಟನ್ನಿನದೂ ಅದೇ ಕತೆ. ಗಣಿಯವರು, ಕಲ್ಲುಕ್ವಾರಿಯವರು ಹಾಕುವ ಗಟ್ಟಿ ಬೂಟುಗಳು ಇಲ್ಲಿ ತಯಾರಾಗುತ್ತಿದ್ದವು. ಬರಬರುತ್ತ ಫ್ಯಾಕ್ಟರಿಗಳಲ್ಲಿ ಹೆಂಗಸರು, ಹುಡುಗಿಯರು ತುಂಬಿದರು. ಮೊದಲ ಮಹಾಯುದ್ಧದ ಕೊನೆಯ ವರ್ಷ, 1918ರಲ್ಲಿ, ಈ ಎರಡು ಹಳ್ಳಿಗಳ ಬೂಟು ಕಾರ್ಮಿಕರು ಸಂಘ ಕಟ್ಟಿ ಮುಷ್ಕರ ಹೂಡಿದರು, ಅದು ಬಹಳ ಕಾಲ ನಡೆಯಿತು. ನೋಡಿ, ಇದೂ ಒಂದು ಹಳ್ಳಿ ಒಟ್ಟಾಗಿ ತೆಗೆದುಕೊಂಡ ನಿರ್ಧಾರವೇ, ಇದಕ್ಕೂ ಹಸಿವಿನ ಬೆಲೆ ಇತ್ತು. ಇದರ ಹೆಸರಿನಲ್ಲಿ ಭಾನುವಾರದ ಪ್ರಾರ್ಥನೆ ನಡೆಯುವುದಿಲ್ಲ. ಬೂಟಿನ ಕಸುಬು 1960ರ ದಶಕದಲ್ಲಿ ಮುಗಿಯಿತು.

ಮಧ್ಯೆ ಇನ್ನೊಂದು ವಿಚಿತ್ರ ನಡೆಯಿತು. ಸೀಸ ತೆಗೆಯುವಾಗ ಅದರ ಜೊತೆ ಬರುತ್ತಿದ್ದ ಫ್ಲೋರ್‌ಸ್ಪಾರ್ ಎಂಬ ಖನಿಜವನ್ನು ಹಳೆಯ ಗಣಿಗಾರರು ಕಸವೆಂದು ಗುಡ್ಡೆ ಹಾಕಿದ್ದರು. ಶೆಫೀಲ್ಡಿನ ಉಕ್ಕಿನ ಕುಲುಮೆಗಳಿಗೆ, ಆಮೇಲೆ ರಾಸಾಯನಿಕ ಕಾರ್ಖಾನೆಗಳಿಗೆ ಅದೇ ಬೇಕಾಯಿತು. ಅಜ್ಜ ಎಸೆದ ಕಸದ ಗುಡ್ಡೆಯನ್ನು ಮೊಮ್ಮಗ ಕೆದಕಿದ. ಇಪ್ಪತ್ತನೇ ಶತಮಾನದಲ್ಲಿ ಫ್ಲೋರ್‌ಸ್ಪಾರಿಗಾಗಿಯೇ ಹಳೆಯ ಗಣಿಗಳು ಮತ್ತೆ ತೆರೆದವು. ಊರಿನ ಹೊಟ್ಟೆಯಲ್ಲೇ ಒಂದು ಗಣಿ ಇತ್ತು. ಕೊನೆಗೆ ಅದೂ ನಿಂತಿತು.

ಇಷ್ಟು ಹೊತ್ತಿಗೆ ಬೇರೊಂದು ಬದಲಾವಣೆ ಸದ್ದಿಲ್ಲದೆ ಶುರುವಾಗಿತ್ತು. 1893ರಲ್ಲಿ ಶೆಫೀಲ್ಡಿನ ಕಡೆಯಿಂದ ಬೆಟ್ಟ ಕೊರೆದು ಮೂರೂವರೆ ಮೈಲಿ ಉದ್ದದ ಟಾಟ್ಲಿ ಸುರಂಗ ಮುಗಿಯಿತು. ಮರುವರ್ಷ ಹತ್ತಿರದ ಗ್ರಿಂಡಲ್‌ಫರ್ಡ್‌ಗೆ ರೈಲು ನಿಲ್ದಾಣ ಬಂತು. ಹೊಗೆಯ ನಗರದ ಕಾರ್ಮಿಕರು ಭಾನುವಾರ ರೈಲು ಹತ್ತಿ ಬೆಟ್ಟಕ್ಕೆ ನಡೆಯಲು ಬರತೊಡಗಿದರು. ಬೆಟ್ಟದ ಮೇಲಿನ ಬಯಲುಗಳನ್ನು ಒಡೆಯರು ಬೇಟೆಗೆಂದು ಮುಚ್ಚಿಟ್ಟುಕೊಂಡಿದ್ದರು. 1932ರ ಏಪ್ರಿಲ್‌ನಲ್ಲಿ ಇದೇ ಸೀಮೆಯ ಕಿಂಡರ್ ಸ್ಕೌಟ್ ಬೆಟ್ಟದ ಮೇಲೆ ನೂರಾರು ಜನ ಒಟ್ಟಾಗಿ ಅತಿಕ್ರಮ ಪ್ರವೇಶ ಮಾಡಿದರು, ಕೆಲವರು ಜೈಲಿಗೂ ಹೋದರು. ಆ ಒತ್ತಡಗಳೆಲ್ಲ ಸೇರಿ 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನವಾಯಿತು, ಬ್ರಿಟನ್ನಿನಲ್ಲಿ ಮೊದಲನೆಯದು. ಈಮ್ ಅದರೊಳಗೆ ಬಿತ್ತು.

ರಾಷ್ಟ್ರೀಯ ಉದ್ಯಾನ ಅಂದರೆ ನಮ್ಮ ಬಂಡೀಪುರ, ನಾಗರಹೊಳೆಯ ಹಾಗಲ್ಲ. ಜನ ಒಳಗೇ ಇರುತ್ತಾರೆ, ಹೊಲ ಉಳುತ್ತಾರೆ, ಪಬ್ ನಡೆಸುತ್ತಾರೆ. 2011ರ ಜನಗಣತಿಯ ಹೊತ್ತಿಗೆ ಪೀಕ್ ಡಿಸ್ಟ್ರಿಕ್ಟ್ ಉದ್ಯಾನದೊಳಗೆ ಸುಮಾರು 38,000 ಜನ ಇದ್ದರು. ಆದರೆ ಹೊಸ ಮನೆ ಕಟ್ಟಬೇಕಾದರೆ ಉದ್ಯಾನ ಪ್ರಾಧಿಕಾರದ ಒಪ್ಪಿಗೆ ಬೇಕು, ಆ ಒಪ್ಪಿಗೆ ಸುಲಭಕ್ಕೆ ಸಿಗುವುದಿಲ್ಲ. ಚೆಂದ ಉಳಿಯಬೇಕಲ್ಲ. ಚೆಂದ ಉಳಿಯಿತು, ಮನೆಗಳ ಸಂಖ್ಯೆಯೂ ಅಷ್ಟಕ್ಕೇ ಉಳಿಯಿತು, ಬೆಲೆ ಮಾತ್ರ ಏರಿತು. ನಗರದಲ್ಲಿ ಮನೆ ಮಾರಿ ನಿವೃತ್ತಿಗೆ ಬರುವವರು, ಶೆಫೀಲ್ಡಿಗೆ ದಿನವೂ ಕಾರಿನಲ್ಲಿ ಕೆಲಸಕ್ಕೆ ಹೋಗಿಬರುವವರು, ವಾರಾಂತ್ಯಕ್ಕೆಂದು ಎರಡನೇ ಮನೆ ಇಟ್ಟುಕೊಂಡವರು, ಪ್ರವಾಸಿಗರಿಗೆ ಕಾಟೇಜ್ ಬಾಡಿಗೆಗೆ ಕೊಡುವವರು ಈಗಿನ ಇಂಥ ಹಳ್ಳಿಗಳ ಜನ. ಅದೇ ಊರಿನಲ್ಲಿ ಹುಟ್ಟಿ ಬೆಳೆದ ಹುಡುಗ, ಹುಡುಗಿ ಮದುವೆಯಾಗಿ ಅಲ್ಲೇ ಮನೆ ಮಾಡುತ್ತೇವೆ ಅಂದರೆ ಕೈಗೆಟುಕುವುದಿಲ್ಲ.

ಜನಸಂಖ್ಯೆಯ ಅಂಕಿ ಇದನ್ನು ಹೇಳುವುದೇ ಇಲ್ಲ. ಏಳು ಮಕ್ಕಳು ಮಲಗುತ್ತಿದ್ದ ಎರಡು ಕೋಣೆಯ ಮನೆಯಲ್ಲಿ ಈಗ ಇಬ್ಬರು ಹಿರಿಯರಿದ್ದಾರೆ. ಹಾಗಾದರೆ 1841ರಷ್ಟೇ ಜನರನ್ನು ಹಿಡಿಸಲು ಈಗ ಎಷ್ಟು ಹೆಚ್ಚು ಮನೆ ಬೇಕಾಯಿತು ಲೆಕ್ಕ ಹಾಕಿ. ಊರಿನ ಅಂಚಿನಲ್ಲಿ ಇಪ್ಪತ್ತನೇ ಶತಮಾನದ ಮನೆಗಳ ಸಾಲುಗಳಿವೆ. ಫೋಟೋ ತೆಗೆಯುವವರು ಅತ್ತ ಕ್ಯಾಮೆರಾ ತಿರುಗಿಸುವುದಿಲ್ಲ.

ಕ್ಯಾಮೆರಾಗಳು ತಿರುಗುವುದು ಚರ್ಚಿನ ಪಕ್ಕದ ಪ್ಲೇಗ್ ಕಾಟೇಜುಗಳ ಕಡೆಗೆ. ಪ್ರತಿ ಮನೆಯ ಮುಂದೆ ಹಸಿರು ಫಲಕ. ಇಲ್ಲಿ ಯಾರಿದ್ದರು, ಯಾರು ಯಾವಾಗ ಸತ್ತರು. ರೋಸ್ ಕಾಟೇಜ್ ಎಂಬ ಮನೆಯ ಮುಂದಿನ ಫಲಕ ಥಾರ್ಪ್ ಎಂಬ ಸಂಸಾರದ ಒಂಬತ್ತೂ ಜನ ಸತ್ತರೆಂದು ಹೇಳುತ್ತದೆ. ಆ ಮನೆಗಳಲ್ಲಿ ಜನ ವಾಸವಾಗಿದ್ದಾರೆ. ಕಿಟಕಿಯ ಒಳಗೆ ಹೂದಾನಿ, ಬಾಗಿಲಲ್ಲಿ ಹಾಲಿನ ಬಾಟಲಿ, ಹೊರಗೆ ಶಾಲೆಯ ಮಕ್ಕಳ ಹಿಂಡಿಗೆ ಸಾವಿನ ಪಟ್ಟಿ ಓದಿ ಹೇಳುವ ಮೇಷ್ಟ್ರು. ನಮ್ಮ ಮನೆಯ ಮುಂದೆ ಯಾರಾದರೂ ಹಾಗೆ ದಿನವೂ ಬಂದು ನಿಂತರೆ ಮೊದಲ ವಾರವೇ ಜಗಳವಾಗುತ್ತಿತ್ತು. ಈ ಜನ ಪರದೆಯನ್ನೂ ಎಳೆದುಕೊಳ್ಳದೆ ಕಾಫಿ ಕುಡಿಯುತ್ತ ಕೂತಿರುವುದು ನೋಡಿ ಇಂಗ್ಲಿಷರ ಸಹನೆಯ ಬಗ್ಗೆ ನನ್ನ ಗೌರವ ಹೆಚ್ಚಾಯಿತು. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಎಲ್ಲರೂ ಮನೆಯೊಳಗೆ ಕೂತಾಗ ಪತ್ರಿಕೆಯವರಿಗೆ ಈಮ್ ಮತ್ತೆ ನೆನಪಾಯಿತು. ಆ ಬಗ್ಗೆ ಎಷ್ಟೊಂದು ಬರಹ ಬಂದವೆಂದರೆ ಇನ್ನೊಂದು ಸೇರಿಸುವುದು ಬೇಡ.

1994ರಲ್ಲಿ ತೆರೆದ ಊರಿನ ಮ್ಯೂಸಿಯಂ, ನ್ಯಾಯವಾಗಿ ಹೇಳಬೇಕೆಂದರೆ, ಪ್ಲೇಗಿನಲ್ಲೇ ನಿಲ್ಲುವುದಿಲ್ಲ. ಕ್ಲಾರೆನ್ಸ್ ಡೇನಿಯಲ್ ಎಂಬ ಊರಿನ ಇತಿಹಾಸಪ್ರೇಮಿ ಬದುಕೆಲ್ಲ ಕೂಡಿಟ್ಟ ಸಾಮಾನುಗಳಿಂದ ಅದು ಶುರುವಾದದ್ದು. ಅಲ್ಲಿ ಸೀಸವೂ ಇದೆ, ರೇಷ್ಮೆಯೂ ಇದೆ, ಬೂಟೂ ಇದೆ. ಜನ ನಿಂತು ನೋಡುವುದು ಪ್ಲೇಗಿನ ಮುಂದೆ, ಉಳಿದದ್ದರ ಮುಂದೆ ನಡಿಗೆ ಚುರುಕಾಗುತ್ತದೆ.

ಊರಿನವರು ಯಾರು ಎಂಬ ಪ್ರಶ್ನೆಗೆ ಪೀಕ್ ಡಿಸ್ಟ್ರಿಕ್ಟಿನ ಪ್ರಾಧಿಕಾರದ ಬಳಿ ಒಂದು ಉತ್ತರ ಇದೆ. ಸ್ಥಳೀಯರಿಗೆಂದು ಕಡಿಮೆ ಬೆಲೆಯ ಹೊಸ ಮನೆ ಕಟ್ಟಲು ಅದು ಒಪ್ಪುತ್ತದೆ, ಆದರೆ ಅದರಲ್ಲಿ ಇರುವವರಿಗೆ ಊರಿನ ಜೊತೆ ನಂಟು ಇರಬೇಕು. ಆ ನಂಟಿಗೆ ಅದು ಇಟ್ಟುಕೊಂಡಿರುವ ಮುಖ್ಯ ಅಳತೆ, ಆ ಊರಿನಲ್ಲೋ ಪಕ್ಕದ ಊರಿನಲ್ಲೋ ಕನಿಷ್ಠ ಹತ್ತು ವರ್ಷದ ವಾಸ. ನಾನು ಈ ಅಳತೆಯನ್ನು ಒಂದು ಸಲ 1666ಕ್ಕೆ ಹಿಡಿದು ನೋಡಿದೆ. ಬಟ್ಟೆಯ ಗಂಟು ಬಿಚ್ಚಿದ ಜಾರ್ಜ್ ವಿಕರ್ಸ್ ಬೇರೆಯವರ ಮನೆಯಲ್ಲಿ ಉಳಿದುಕೊಂಡಿದ್ದವನು, ಅವನಿಗೆ ಮನೆ ಸಿಗುವ ಹಾಗೆ ಕಾಣುವುದಿಲ್ಲ. ಮಾಂಪೆಸನ್ ಬಂದದ್ದು 1664ರಲ್ಲಿ, ಹೋದದ್ದು 1669ರಲ್ಲಿ. ಹೋದ ಊರಾದ ಈಕ್ರಿಂಗ್‌ನಲ್ಲಿ ಜನ ಅವನನ್ನು ಕಂಡು ಹೆದರಿ, ಕೆಲಕಾಲ ಊರ ಹೊರಗಿನ ಗುಡಿಸಲಲ್ಲಿ ಇರಿಸಿದರಂತೆ. ಐದೇ ವರ್ಷದ ವಾಸ, ಅವನ ಅರ್ಜಿಯೂ ತಿರಸ್ಕೃತ. ಕೆಲಸ ಕಳೆದುಕೊಂಡರೂ ಊರು ಬಿಡದೆ, 1670ರಲ್ಲಿ ಅಲ್ಲೇ ಕಣ್ಣು ಮುಚ್ಚಿದ ಥಾಮಸ್ ಸ್ಟಾನ್ಲಿಗೆ ಮಾತ್ರ ಸಿಗುತ್ತಿತ್ತು.